ತೊಟ್ಟಿಯಲ್ಲಿ ತೇಲುವ ಜರೀಗಿಡ

(ಹೈನುಗಾರರು, ಭತ್ತದ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಮೇಜಿನ ಮೇಲಿರುವ ಈ ಗಾಜಿನ ಬೋಗುಣಿಯನ್ನು ಎಲ್ಲರೂ ಒಮ್ಮೆ ನೋಡಿಬಿಡಿ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ಕೊಡಿ. ಜೊತೆಗೆ ಭೂತಗನ್ನಡಿಯೂ ಇದೆ. ದೂರದಿಂದ ಹಾವಸೆಯಂತೆ ಕಾಣುವ ಈ ಅಜೋಲಾ ನಿಮಗೆ ಹೊಸದಲ್ಲ. ಕೊಟ್ಟಿಗೆಯ ಹಿಂದೆ ಸಿಲ್ಪಾಲಿನ್ ಹಾಳೆ ಹಾಸಿ ಇದನ್ನು ಬೆಳೆಸಿದವರು ಎಷ್ಟು ಮಂದಿ ಎಂದು ಈಗಷ್ಟೇ ಕೇಳಿದೆ; ಸಭೆಯ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ಇವತ್ತಿಗೂ ಆ ತೊಟ್ಟಿಯಲ್ಲಿ ಅಜೋಲಾ ಇದೆಯೇ ಎಂದು ಕೇಳಿದೆ. ಮೇಲೆ ಉಳಿದದ್ದು ಆರೋ ಏಳೋ ಕೈ.

ನಾನು ಇಂದು ಮಾತನಾಡಬೇಕೆಂದು ಬಂದದ್ದು ಆ ಇಳಿದ ಕೈಗಳ ಬಗ್ಗೆಯೇ. ತೊಟ್ಟಿ ಕಟ್ಟುವುದು ಹೇಗೆ ಎಂದು ನಿಮಗೆಲ್ಲ ಗೊತ್ತಿದೆ, ಕರಪತ್ರ ಓದಿದ್ದೀರಿ, ತರಬೇತಿಗೂ ಹೋಗಿದ್ದೀರಿ. ಆದರೂ ಮೊದಲ ಬೇಸಿಗೆಗೇ ತೊಟ್ಟಿ ಕೆಂಪಾಗಿ, ನಾರಿ, ಬರಿದಾಗುತ್ತದೆ. ಇದಕ್ಕೆ ನನಗೆ ತೋರುವ ಕಾರಣ ಒಂದೇ: ನಮಗೆ ಅಜೋಲಾ ಮೇವಾಗಿ ಪರಿಚಯವಾಯಿತು, ಗಿಡವಾಗಿ ಪರಿಚಯವಾಗಲೇ ಇಲ್ಲ. ಇದರ ಬದುಕಿನ ರೀತಿ ತಿಳಿದರೆ ಇದು ಏನು ಕೊಡಬಲ್ಲದು, ಏನು ಕೊಡಲಾರದು ಎಂಬುದು ತಾನಾಗಿ ತಿಳಿಯುತ್ತದೆ.

ಇದು ಜರೀಗಿಡ. ಮಳೆಗಾಲ ಹಿಡಿಯುತ್ತಿದ್ದಂತೆ ಬಾವಿಯ ಒಳಗೋಡೆಯಲ್ಲಿ, ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ, ಹಳೆಯ ಗೋಡೆಯ ಬಿರುಕಿನಲ್ಲಿ ಸುರುಳಿ ಬಿಚ್ಚುತ್ತ ಮೇಲೇಳುತ್ತವಲ್ಲ, ಅದೇ ಬಳಗ. ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ. ಬೀಜಾಣುಗಳಿಂದ ವಂಶ ನಡೆಸುವ ಗಿಡಗಳು. ಜರೀಗಿಡವೆಂದರೆ ಗರಿಗರಿಯಾದ ದೊಡ್ಡ ಎಲೆ ಎಂಬ ಚಿತ್ರ ನಮ್ಮ ಕಣ್ಣಲ್ಲಿ ಕೂತಿರುವುದರಿಂದ ಈ ಪುಟ್ಟದನ್ನು ಆ ಬಳಗಕ್ಕೆ ಸೇರಿಸಲು ಮನಸ್ಸು ಒಪ್ಪುವುದಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ ಪ್ರತಿ ವರ್ಷವೂ ಮಕ್ಕಳು ಇದನ್ನು ಪಾಚಿ ಎಂದೇ ಬರೆಯುತ್ತಿದ್ದರು. ತಪ್ಪು ಎಂದು ನಾನು ಕೆಂಪು ಗೆರೆ ಎಳೆಯುತ್ತಿರಲಿಲ್ಲ. ಅವರ ಉತ್ತರದಲ್ಲಿ ಅರ್ಧ ನಿಜವಿತ್ತು. ಆ ಅರ್ಧ ಯಾವುದೆಂದು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ.

ಈ ಕುಲಕ್ಕೆ ಅಜೋಲಾ ಎಂದು ಹೆಸರಿಟ್ಟವರು ಫ್ರಾನ್ಸಿನ ಲಮಾರ್ಕ್, 1783ರಲ್ಲಿ. ಒಣಗುವುದು, ಸಾಯುವುದು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಮಾಡಿದ ಹೆಸರು. ಒಣಗಿದರೆ ಸತ್ತಿತು ಎಂದು ಹೆಸರಿನಲ್ಲೇ ಎಚ್ಚರಿಕೆ ಇದೆ. ಜಗತ್ತಿನಲ್ಲಿ ಇದರ ಆರೇಳು ಪ್ರಭೇದಗಳಿವೆ. ಅಮೆರಿಕ ಖಂಡಗಳು, ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ, ನಿಂತ ನೀರು ಇರುವ ಕಡೆಯೆಲ್ಲ ಯಾವುದಾದರೂ ಒಂದು ಸಿಗುತ್ತದೆ. ನಮ್ಮ ದೇಶದ್ದು ಅಜೋಲಾ ಪಿನ್ನಾಟಾ. ಅಮೆರಿಕ ಮೂಲದ ಮೈಕ್ರೊಫಿಲ್ಲಾ ಕೂಡ ಈಗ ನಮ್ಮ ತೊಟ್ಟಿಗಳಿಗೆ ಬಂದಿದೆ. ಪಿನ್ನಾಟಾದ ಗಿಡ ಅಚ್ಚುಕಟ್ಟಾದ ತ್ರಿಕೋನ. ಅಮೆರಿಕದ್ದು ಹೆಚ್ಚು ದುಂಡಗೆ, ಒತ್ತೊತ್ತಾಗಿ ಹರಡಿಕೊಳ್ಳುತ್ತದೆ. ನಿಮ್ಮ ತೊಟ್ಟಿಯಲ್ಲಿ ಯಾವುದಿದೆ ಎಂದು ಮನೆಗೆ ಹೋಗಿ ನೋಡಿ.

ಬೋಗುಣಿ ಈಗ ಯಾರ ಕೈಯಲ್ಲಿದೆಯೋ ಅವರು ಒಂದೇ ಒಂದು ಗಿಡವನ್ನು ಹೆಬ್ಬೆರಳಿನ ಉಗುರಿನ ಮೇಲೆ ಎತ್ತಿಕೊಳ್ಳಿ. ಇಡೀ ಗಿಡ ಒಂದೂವರೆಯಿಂದ ಎರಡೂವರೆ ಸೆಂಟಿಮೀಟರ್. ನಡುವೆ ದಾರದಂಥ ಕಾಂಡ, ಅದರ ಎರಡೂ ಬದಿಗೆ ಕವಲು. ಬುಡದ ಕವಲು ಉದ್ದ, ತುದಿಯತ್ತ ಹೋದಂತೆ ಗಿಡ್ಡ. ಕವಲುಗಳ ಮೇಲೆ ಮನೆಗೆ ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಪುಟಾಣಿ ಎಲೆಗಳು. ಕೆಳಗೆ ಕವಲೊಡೆಯದ ಸಣ್ಣ ಬೇರುಗಳು ನೀರಿನಲ್ಲಿ ಇಳಿಬಿದ್ದಿವೆ. ಅವು ನೆಲವನ್ನು ಮುಟ್ಟುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಿಮ್ಮ ತೊಟ್ಟಿಯ ಕಥೆ ಅರ್ಧ ಇಲ್ಲೇ ಇದೆ.

ಇನ್ನು ಒಂದನ್ನು ಬೆರಳಿನಿಂದ ನೀರಿನೊಳಗೆ ಅದುಮಿ. ಬೆಳ್ಳಿಯ ತಗಡು ಸುತ್ತಿದಂತೆ ಹೊಳೆಯಿತು, ನೋಡಿದಿರಾ? ಬೆರಳು ತೆಗೆದೊಡನೆ ಪುಟಿದು ಮೇಲೆ ಬಂತು, ಬೆನ್ನು ಒಣಗಿಯೇ ಇದೆ. ಎಲೆಯ ಮೇಲ್ಮೈ ತುಂಬ ಸೂಕ್ಷ್ಮವಾದ ಉಬ್ಬುಗಳಿವೆ. ಅವುಗಳ ನಡುವೆ ಗಾಳಿ ಸಿಕ್ಕಿಕೊಂಡು ನೀರು ಮೈಗೆ ಅಂಟದಂತೆ ತಡೆಯುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದೂ ಇಂಥದೇ ಉಪಾಯದಿಂದ.

ಪ್ರತಿ ಎಲೆಯೂ ಎರಡು ಹಾಲೆ. ಕೆಳಗಿನ ಹಾಲೆ ತೆಳ್ಳಗೆ, ಬಣ್ಣವಿಲ್ಲದೆ ನೀರಿಗೆ ತಾಗಿಕೊಂಡು ಗಿಡವನ್ನು ತೇಲಿಸುತ್ತದೆ. ಮೇಲಿನದು ದಪ್ಪ, ಹಸಿರು, ಬಿಸಿಲನ್ನು ಉಣ್ಣುವಂಥದ್ದು. ಆ ಮೇಲಿನ ಹಾಲೆಯೊಳಗೆ ಒಂದು ಪೊಳ್ಳು ಕೋಣೆ ಇದೆ. ಸೂಜಿಯ ಮೊನೆಯಿಂದ ಒಂದು ಹಾಲೆಯನ್ನು ಬಿಡಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ನೀರಿನಲ್ಲಿ ಜಜ್ಜಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಆ ಕೋಣೆಯ ನಿವಾಸಿಗಳು ಹೊರಬರುತ್ತಾರೆ. ನೀಲಿ ಬೆರೆತ ಹಸಿರಿನ ಮಣಿಸರಗಳು, ಮಣಿಗಳ ನಡುವೆ ಅಲ್ಲಲ್ಲಿ ತುಸು ದೊಡ್ಡದಾದ, ಬಣ್ಣ ತೆಳುವಾದ, ಗೋಡೆ ದಪ್ಪವಾದ ಒಂದೊಂದು ಮಣಿ. ನಾನು ಇದನ್ನು ಮೊದಲು ಕಂಡದ್ದು ಪದವಿಯ ಎರಡನೇ ವರ್ಷದಲ್ಲಿ. ಎದ್ದು ಬರಲು ಮನಸ್ಸಾಗದೆ ಪ್ರಯೋಗಾಲಯದ ದೀಪ ಆರಿಸುವವರೆಗೂ ಕೂತಿದ್ದೆ.

ಇದು ನೀಲಿ-ಹಸಿರು ಪಾಚಿ. ವಿಜ್ಞಾನದ ಲೆಕ್ಕದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ, ಸಯನೋಬ್ಯಾಕ್ಟೀರಿಯಾ. ಹಳೆಯ ಪುಸ್ತಕಗಳಲ್ಲಿ ಅನಬೀನಾ ಅಜೋಲೆ ಎಂದಿದ್ದರೆ ಹೊಸವುಗಳಲ್ಲಿ ನಾಸ್ಟಾಕ್ ಅಜೋಲೆ ಎಂದಿರುತ್ತದೆ. ಮಕ್ಕಳ ಉತ್ತರದಲ್ಲಿ ಅರ್ಧ ನಿಜವಿತ್ತು ಎಂದೆನಲ್ಲ, ಆ ಅರ್ಧ ಇದು. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವಿದ್ದರೂ ಯಾವ ಗಿಡವೂ ಅದನ್ನು ನೇರವಾಗಿ ತೆಗೆದುಕೊಳ್ಳಲಾರದು. ಈ ಪಾಚಿ ತೆಗೆದುಕೊಳ್ಳಬಲ್ಲದು. ಆದರೆ ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ಸೋಕಿದರೆ ಅದು ಕೆಟ್ಟುಹೋಗುತ್ತದೆ. ಆದ್ದರಿಂದ ಕೆಲವು ಕೋಶಗಳು ಕಿಟಕಿ ಬಾಗಿಲು ಭದ್ರಪಡಿಸಿಕೊಂಡ ಕೋಣೆಯಂತೆ ಗೋಡೆ ದಪ್ಪಗೆ ಮಾಡಿಕೊಂಡು, ಆಮ್ಲಜನಕ ಹುಟ್ಟಿಸುವ ಕೆಲಸವನ್ನೇ ನಿಲ್ಲಿಸಿ, ಸಾರಜನಕ ಹಿಡಿಯುವುದಕ್ಕೆ ಮೀಸಲಾಗುತ್ತವೆ. ನೀವು ನೋಡುವ ದಪ್ಪ ಮಣಿಗಳು ಅವೇ. ಹೆಟೆರೊಸಿಸ್ಟ್ ಎಂದು ಹೆಸರು. ಸ್ವತಂತ್ರವಾಗಿ ನೀರಿನಲ್ಲಿರುವ ಇಂಥ ಪಾಚಿಯ ಸರದಲ್ಲಿ ದಪ್ಪ ಮಣಿಗಳು ನೂರಕ್ಕೆ ಐದೋ ಹತ್ತೋ. ಅಜೋಲಾದ ಬಲಿತ ಎಲೆಯೊಳಗೆ ನೂರಕ್ಕೆ ಇಪ್ಪತ್ತರಿಂದ ಮೂವತ್ತು. ಅಂದರೆ ತನಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ದುಡಿಯುತ್ತಿದೆ, ದುಡಿದದ್ದನ್ನು ಮನೆಯೊಡೆಯನಿಗೆ ಕೊಡುತ್ತಿದೆ. ಮನೆಯೊಡೆಯ ಸಕ್ಕರೆ ಕೊಡುತ್ತಾನೆ, ಆಸರೆ ಕೊಡುತ್ತಾನೆ.

ಅವರೆ, ಉದ್ದು, ಶೇಂಗಾದ ಬೇರುಗಂಟುಗಳಲ್ಲೂ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇದೆ, ಇದರಲ್ಲೇನು ಹೊಸದು ಎಂದು ಮುಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆಯ ಪ್ರಶ್ನೆ. ಶೇಂಗಾ ಗಿಡ ಪ್ರತಿ ಸಲವೂ ತನ್ನ ಜೊತೆಗಾರನನ್ನು ಮಣ್ಣಿನಿಂದ ಹೊಸದಾಗಿ ಹುಡುಕಿಕೊಳ್ಳಬೇಕು. ಅಜೋಲಾ ಹುಡುಕುವುದಿಲ್ಲ. ತಾಯಿಯಿಂದ ಮಗಳಿಗೆ ಒಡವೆ ದಾಟಿಸಿದಂತೆ ದಾಟಿಸುತ್ತದೆ. ಅಜೋಲಾದಲ್ಲಿ ಬೀಜಾಣುಗಳು ಎರಡು ಬಗೆ, ದೊಡ್ಡ ಹೆಣ್ಣು ಬೀಜಾಣು ಮತ್ತು ಸಣ್ಣ ಗಂಡು ಬೀಜಾಣು. ಹೆಣ್ಣು ಬೀಜಾಣು ರೂಪುಗೊಳ್ಳುವಾಗ ಅದರ ನೆತ್ತಿಯ ಮೇಲಿನ ಟೋಪಿಯಂಥ ಹೊದಿಕೆಯ ಕೆಳಗೆ ಪಾಚಿಯ ಕೆಲವು ಕೋಶಗಳು ಸೇರಿಕೊಂಡು ನಿದ್ರೆಗೆ ಜಾರುತ್ತವೆ. ಮರಿಗಿಡ ಮೊಳೆತು ಮೇಲೆ ಬರುವಾಗ ಅವೂ ಎಚ್ಚೆತ್ತು ಅದರ ಮೊದಲ ಎಲೆಗಳನ್ನು ಸೇರಿಕೊಳ್ಳುತ್ತವೆ. ಹೀಗೆ ಲಕ್ಷಾಂತರ ತಲೆಮಾರು ಜೊತೆಯಲ್ಲೇ ಕಳೆದು ಈ ಪಾಚಿ ಒಂಟಿಯಾಗಿ ಬದುಕುವುದನ್ನೇ ಮರೆತಿದೆ. 2010ರಲ್ಲಿ ಅದರ ವಂಶವಾಹಿಗಳನ್ನು ಪೂರ್ತಿ ಓದಿದಾಗ ಬಹುದೊಡ್ಡ ಪಾಲು ಕೆಲಸಕ್ಕೆ ಬಾರದಂತೆ ಮುರಿದುಬಿದ್ದಿರುವುದು ಕಂಡಿತು. ಎಲೆಯ ಹೊರಗೆ ಅದಕ್ಕೆ ಮನೆಯಿಲ್ಲ.

2018ರಲ್ಲಿ ಅಜೋಲಾದ ಜೀನೋಮ್, ಅಂದರೆ ಅದರ ವಂಶವಾಹಿಗಳ ಪೂರ್ತಿ ಬರಹ ಕೂಡ ಪ್ರಕಟವಾಯಿತು. ಜರೀಗಿಡಗಳಲ್ಲಿ ಮೊದಲು ಪೂರ್ತಿಯಾಗಿ ಓದಲ್ಪಟ್ಟವು ಎರಡು, ಅಜೋಲಾ ಮತ್ತು ಅದರ ದಾಯಾದಿ ಸಾಲ್ವಿನಿಯಾ. ಈ ಮನೆತನದಲ್ಲಿ ಇರುವ ಕುಲಗಳೂ ಇವೆರಡೇ. ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ, ಆದರೆ ಹತ್ತಿ ಬೆಳೆಯುವ ಕಡೆಯಿಂದ ಬಂದವರಿಗೆ ಇದು ಬೇಕಾದ ವಿಷಯ. ಜರೀಗಿಡಗಳಿಗೆ ಕೀಟಬಾಧೆ ಕಡಿಮೆ ಎಂಬುದನ್ನು ನೀವೂ ಗಮನಿಸಿರಬಹುದು. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯವರು ಟೆಕ್ಟೇರಿಯಾ ಎಂಬ ಜರೀಗಿಡದಲ್ಲಿ ಬಿಳಿನೊಣವನ್ನು ಕೊಲ್ಲುವ ಒಂದು ಪ್ರೋಟೀನನ್ನು ಗುರುತಿಸಿ, ಅದರ ವಂಶವಾಹಿಯನ್ನು ಹತ್ತಿಗೆ ಸೇರಿಸಿ, ಗಿಡ ಬಿಳಿನೊಣವನ್ನು ತಡೆಯುವುದನ್ನು 2016ರಲ್ಲಿ ತೋರಿಸಿದರು. ಎರಡು ವರ್ಷಗಳ ನಂತರ ಅದೇ ಜಾತಿಯ ವಂಶವಾಹಿ ಸಾಲ್ವಿನಿಯಾದಲ್ಲೂ ಸಿಕ್ಕಿತು. ಅದು ಬಹಳ ಹಿಂದೆ ಯಾವುದೋ ಬ್ಯಾಕ್ಟೀರಿಯಾದಿಂದ ಜರೀಗಿಡಗಳಿಗೆ ದಾಟಿ ಬಂದಿರುವಂತೆ ತೋರುತ್ತದೆ. ಬೇಲಿಯ ಮಗ್ಗುಲಿನ ಕಸವೆಂದು ನಾವು ಕತ್ತಿಯಿಂದ ಸವರಿ ಹಾಕುವ ಗಿಡಗಳ ಮಾತು ಇದು.

ಮತ್ತೆ ಅಜೋಲಾಕ್ಕೆ ಬರೋಣ. ಇದರ ಶಕ್ತಿ ಎಷ್ಟೆಂದು ತಿಳಿಯಲು ಉತ್ತರ ಧ್ರುವದ ಕಡೆ ನೋಡಬೇಕು. 2004ರಲ್ಲಿ ಆರ್ಕ್ಟಿಕ್ ಸಾಗರದ ನಡುವೆ, ಲೊಮೊನೊಸೊವ್ ಎಂಬ ಮುಳುಗಿದ ಬೆಟ್ಟಸಾಲಿನ ಮೇಲೆ ಹಡಗು ನಿಲ್ಲಿಸಿ ಸಮುದ್ರತಳವನ್ನು ಕೊರೆದರು. ಮೇಲೆ ಬಂದ ಕೆಸರಿನ ಕಂಬದ ಒಂದು ಪದರದಲ್ಲಿ ಅಜೋಲಾದ ಬೀಜಾಣುಗಳು ಒತ್ತಾಗಿ ತುಂಬಿದ್ದವು. ಸುಮಾರು 4.9 ಕೋಟಿ ವರ್ಷಗಳ ಹಿಂದಿನ ಪದರ. ಆಗ ಭೂಮಿ ಈಗಿನದಕ್ಕಿಂತ ಬಹಳ ಬೆಚ್ಚಗಿತ್ತು, ಆರ್ಕ್ಟಿಕ್ ಸುತ್ತಲೂ ನೆಲದಿಂದ ಮುಚ್ಚಿದ ಕಡಲಾಗಿತ್ತು. ನದಿಗಳು ತಂದು ಸುರಿದ ಸಿಹಿನೀರು ಹಗುರವಾಗಿ ಉಪ್ಪುನೀರಿನ ಮೇಲೆ ನಿಂತಿತು. ಆ ಸಿಹಿನೀರಿನ ಹಾಸಿನ ಮೇಲೆ ಸುಮಾರು ಎಂಟು ಲಕ್ಷ ವರ್ಷ ಕಾಲ ಅಜೋಲಾ ಮತ್ತೆ ಮತ್ತೆ ಹರಡಿ, ಸತ್ತು, ತಳಕ್ಕೆ ಇಳಿಯಿತು. ಹಾಗೆ ಇಳಿದಾಗ ಗಾಳಿಯಿಂದ ಹೀರಿದ ಇಂಗಾಲವನ್ನೂ ತಳಕ್ಕೆ ಒಯ್ದಿತು. ಭೂಮಿ ತಂಪಾಗಲು ಇದೂ ಒಂದು ಕಾರಣವಾಗಿರಬಹುದು ಎಂದು ಹಲವು ವಿಜ್ಞಾನಿಗಳು ಭಾವಿಸುತ್ತಾರೆ. ನಿಮ್ಮ ಉಗುರಿನ ಮೇಲೆ ಕೂತಿರುವ ಈ ಗಿಡದ ಪೂರ್ವಿಕರ ಸಂಗತಿ ಇದು.

ಇಷ್ಟೊಂದು ಬಲವುಳ್ಳದ್ದು ನಮ್ಮ ಕೊಟ್ಟಿಗೆಯ ಹಿಂದೆ ಯಾಕೆ ಸೊರಗುತ್ತದೆ? ಬೇರು ನೆಲ ಮುಟ್ಟುವುದಿಲ್ಲ ಎಂದೆನಲ್ಲ, ಉತ್ತರ ಅಲ್ಲಿದೆ. ಸಾರಜನಕದ ಚಿಂತೆ ಇದಕ್ಕಿಲ್ಲ, ಅದು ಮನೆಯೊಳಗೇ ತಯಾರಾಗುತ್ತದೆ. ಉಳಿದದ್ದೆಲ್ಲ ನೀರಿನಿಂದಲೇ ಸಿಗಬೇಕು. ಅದರಲ್ಲಿ ಮೊದಲು ತೀರಿಹೋಗುವುದು ರಂಜಕ. ಮಣ್ಣಿನಲ್ಲಿ ರಂಜಕ ಇದ್ದರೂ ಅದು ಮಣ್ಣಿಗೇ ಅಂಟಿಕೊಂಡಿರುತ್ತದೆ, ನೀರಿಗೆ ಬಿಡುವುದು ಅತಿ ಕಡಿಮೆ. ರಂಜಕ ಕಡಿಮೆಯಾದಾಗ ಗಿಡ ಚಿಕ್ಕದಾಗುತ್ತದೆ, ಬೇರು ಉದ್ದವಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಮುಟ್ಟಿದರೆ ಮುರಿಯುತ್ತದೆ, ಮೈ ಕೆಂಪಡರುತ್ತದೆ. ಬಿರುಬಿಸಿಲಿಗೂ ಕೆಂಪಾಗುತ್ತದೆ, ಚಳಿಗೂ ಕೆಂಪಾಗುತ್ತದೆ. ಅದಕ್ಕೇ ಜನ ಮೋಸ ಹೋಗುತ್ತಾರೆ. ನಾನೂ ಹೋಗಿದ್ದೇನೆ. ಒಂದು ಏಪ್ರಿಲ್‌ನಲ್ಲಿ ನಮ್ಮ ಹಿತ್ತಲಿನ ತೊಟ್ಟಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಬಿಸಿಲು ಎಂದುಕೊಂಡು ಮೇಲೆ ತೆಂಗಿನ ಗರಿ ಹೊದಿಸಿದೆ. ವಾರ ಕಳೆದರೂ ಬದಲಾಗಲಿಲ್ಲ. ಆಮೇಲೆ ಒಂದು ಗಿಡವನ್ನು ಎತ್ತಿ ಬೇರು ನೋಡಿದೆ: ದಾರದ ಉಂಡೆಯಂತೆ ಸುತ್ತಿಕೊಂಡಿತ್ತು. ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟನ್ನು ಒಂದು ಹಿಡಿ ನೀರಿನಲ್ಲಿ ಕದಡಿ ಬಿಟ್ಟೆ. ಹತ್ತು ದಿನಕ್ಕೆ ತುದಿಗಳಲ್ಲಿ ಹಸಿರು ಮರಳಿತು. ಅಂದಿನಿಂದ ಬಣ್ಣ ನೋಡಿ ತೀರ್ಮಾನಿಸುವುದನ್ನು ಬಿಟ್ಟೆ, ಮೊದಲು ಬೇರು ನೋಡುತ್ತೇನೆ. ನೀವೂ ಹಾಗೇ ಮಾಡಿ.

ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ತೊಟ್ಟಿಗೆ ಐದು ದಿನಕ್ಕೊಮ್ಮೆ 20 ಗ್ರಾಂ ಸೂಪರ್ ಫಾಸ್ಫೇಟ್ ಮತ್ತು ಒಂದು ಕಿಲೋದಷ್ಟು ಸಗಣಿಯ ಬಗ್ಗಡ ಸಾಕು. ಒಂದೇ ಸಲಕ್ಕೆ ತಿಂಗಳಿನದನ್ನೆಲ್ಲ ಸುರಿಯಬೇಡಿ. ಮಣ್ಣು ಹಿಡಿದುಕೊಳ್ಳುತ್ತದೆ, ಉಳಿದದ್ದನ್ನು ಬೇರೆ ಪಾಚಿ ತಿಂದು ನೀರು ಹಸಿರಾಗುತ್ತದೆ. ಯೂರಿಯಾ ಹಾಕುವವರನ್ನೂ ನೋಡಿದ್ದೇನೆ, ಅದರ ಅಗತ್ಯವೇ ಇಲ್ಲ. ನೀರಿನ ಆಳ ನಾಲ್ಕು ಬೆರಳು, ಸುಮಾರು ಹತ್ತು ಸೆಂಟಿಮೀಟರ್. ಇದಕ್ಕೆ ಹಿತವಾದ ಶಾಖ 20ರಿಂದ 30 ಡಿಗ್ರಿ. ಅದಕ್ಕೇ ಮಾವಿನ ಮರದ ಅರೆನೆರಳು ಒಳ್ಳೆಯದು, ತಗಡಿನ ಚಾವಣಿಯ ಪಕ್ಕ ಕೆಟ್ಟದ್ದು. ಬಯಲುಸೀಮೆಯ ಕೊಳವೆಬಾವಿಯ ಸವಳು ನೀರಿನಲ್ಲಿ ಇದು ಏಳಿಗೆಯಾಗುವುದಿಲ್ಲ, ಮಳೆನೀರು ಹಿಡಿದಿಟ್ಟು ಬೆರೆಸಿ. ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ತೆಗೆಯಿರಿ. ಒಳ್ಳೆಯ ಸ್ಥಿತಿಯಲ್ಲಿ ಮೂರರಿಂದ ಐದು ದಿನಕ್ಕೆ ಇದು ಇಮ್ಮಡಿಯಾಗುತ್ತದೆ. ಮದುವೆ ಮನೆ, ತಿಥಿ, ಊರ ಜಾತ್ರೆ ಎಂದು ಎರಡು ವಾರ ಬಿಟ್ಟಿರೋ, ಒಂದರ ಮೇಲೊಂದು ಹತ್ತಿ ಕೆಳಗಿನದು ಕೊಳೆಯುತ್ತದೆ, ಹುಳ ಹಿಡಿಯುತ್ತದೆ, ನಾರುತ್ತದೆ. ತೊಟ್ಟಿ ಕೆಟ್ಟಿತು ಎನ್ನುತ್ತೀರಿ, ಕೆಟ್ಟಿದ್ದು ಇಕ್ಕಟ್ಟಿನಿಂದ.

ಈಗ ಹಾಲಿನ ಲೆಕ್ಕ. ಇಲ್ಲಿ ನಾನು ಹೇಳುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ, ಆದರೆ ಹೇಳದಿದ್ದರೆ ನಿಮಗೆ ಮೋಸ ಮಾಡಿದಂತೆ. ಅಜೋಲಾವನ್ನು ದನದ ಮೇವಾಗಿ ಬೆಳೆಸುವ ಸರಳ ವಿಧಾನವನ್ನು ರೂಪಿಸಿ ಹರಡಿದವರಲ್ಲಿ ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರದ ನೈಸರ್ಗಿಕ ಸಂಪನ್ಮೂಲ ಅಭಿವೃದ್ಧಿ ಯೋಜನೆಯವರು ಪ್ರಮುಖರು. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಆದರೆ ಆ ವಿಧಾನ ಬಾಯಿಂದ ಬಾಯಿಗೆ ಹೋಗುತ್ತ ಅಜೋಲಾ ಹಿಂಡಿಗೆ ಬದಲಿ ಎಂಬ ಮಾತಾಯಿತು. ಒಣಗಿಸಿದ ಅಜೋಲಾದಲ್ಲಿ ನೂರಕ್ಕೆ ಸುಮಾರು 25 ಪಾಲು ಪ್ರೋಟೀನ್ ಇದೆ, ನಿಜ. ಆದರೆ ಒಣಗಿಸಿದ್ದರಲ್ಲಿ ಎಂಬ ಪದವನ್ನು ಗಮನಿಸಿ. ಹಸಿ ಅಜೋಲಾದ ನೂರು ಪಾಲಿನಲ್ಲಿ ತೊಂಬತ್ತಕ್ಕೂ ಹೆಚ್ಚು ಬರೀ ನೀರು. ಎರಡು ಕಿಲೋ ಹಸಿ ಅಜೋಲಾ ಒಣಗಿದರೆ ಉಳಿಯುವುದು ಸುಮಾರು 120 ಗ್ರಾಂ. ಅದರಲ್ಲಿ ಪ್ರೋಟೀನ್ 30 ಗ್ರಾಂ. ಶೇಂಗಾ ಹಿಂಡಿಯಲ್ಲಾದರೆ ಅಷ್ಟು ಪ್ರೋಟೀನ್ 75 ಗ್ರಾಮಿನಲ್ಲಿ, ಅಂದರೆ ಒಂದು ಹಿಡಿಯಲ್ಲಿ ಸಿಗುತ್ತದೆ. ದಿನಕ್ಕೆ ಹತ್ತು ಲೀಟರ್ ಕರೆಯುವ ಹಸು ಹಾಲಿನಲ್ಲಿ ಹೊರಹಾಕುವ ಪ್ರೋಟೀನೇ 300 ಗ್ರಾಂ ದಾಟುತ್ತದೆ. ಎರಡು ಕಿಲೋ ಅಜೋಲಾ ಕೊಟ್ಟು ಎರಡು ಕಿಲೋ ಹಿಂಡಿ ನಿಲ್ಲಿಸಿದವರ ಹಸು ಬಡಕಲಾದದ್ದು ಅಜೋಲಾದ ತಪ್ಪಿನಿಂದ ಅಲ್ಲ.

ಹಾಗಾದರೆ ಕೊಡಲೇಬಾರದೇ ಎಂದು ಹಿಂದಿನಿಂದ ಒಬ್ಬ ಹಿರಿಯರು ಕೇಳುತ್ತಿದ್ದಾರೆ. ಕೊಡಿ. ಒಣ ಹುಲ್ಲನ್ನೇ ತಿನ್ನುವ ಬೇಸಿಗೆಯ ದಿನಗಳಲ್ಲಿ ಹಸುವಿಗೆ ಹಸಿರು, ಖನಿಜ, ಕ್ಯಾರೋಟಿನ್ ಇದರಿಂದ ಸಿಗುತ್ತದೆ. ಹಿಂಡಿಯ ಜೊತೆಗೆ ಕೊಡಿ, ಹಿಂಡಿಯ ಬದಲಿಗೆ ಕೊಡಬೇಡಿ. ಹಿತ್ತಲ ಕೋಳಿಗೆ, ಬಾತುಕೋಳಿಗೆ, ಮೀನಿಗೆ ಇನ್ನೂ ಒಳ್ಳೆಯದು. ಅವುಗಳ ದಿನದ ಅಗತ್ಯ ಚಿಕ್ಕದು, ಒಂದು ಹಿಡಿ ಅಜೋಲಾ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಸಗಣಿ ವಾಸನೆಗೆ ದನ ಮೂಸಿ ಬಿಡುವುದುಂಟು, ಬುಟ್ಟಿಯಲ್ಲಿ ಹಾಕಿ ನಾಲ್ಕು ಸಲ ಚೆನ್ನಾಗಿ ತೊಳೆಯಿರಿ. ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಿ: ಊರ ಚರಂಡಿ ಸೇರುವ ಕೆರೆಯಿಂದ, ಕಾರ್ಖಾನೆಯ ನೀರು ಬರುವ ಹಳ್ಳದಿಂದ ತಂದ ಅಜೋಲಾವನ್ನು ಯಾವ ಪ್ರಾಣಿಗೂ ಹಾಕಬೇಡಿ. ಇದು ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ನೀರಿನಿಂದ ಹೀರಿ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಕೊಳಕು ನೀರನ್ನು ತಿಳಿಗೊಳಿಸಲು ಆ ಗುಣ ಬಳಕೆಗೆ ಬರಬಹುದು. ಕೊಟ್ಟಿಗೆಯಲ್ಲಿ ಅದು ವಿಷ.

ಅಜೋಲಾದ ನಿಜವಾದ ಜಾಗ ಗದ್ದೆ. ಇದನ್ನು ಹೇಳಲೆಂದೇ ನಾನು ಇಷ್ಟು ದೂರ ಬಂದದ್ದು. ಉತ್ತರ ವಿಯೆಟ್ನಾಂ ಮತ್ತು ದಕ್ಷಿಣ ಚೀನಾದ ರೈತರಿಗೆ ಇದು ಶತಮಾನಗಳಿಂದ ಗೊತ್ತಿತ್ತು. ವಿಯೆಟ್ನಾಂನಲ್ಲಿ, 2025ರವರೆಗೆ ಥಾಯ್ ಬಿನ್ ಪ್ರಾಂತವಾಗಿದ್ದ ಕಡೆ, ಲಾ ವಾನ್ ಎಂಬ ಹಳ್ಳಿ ಇದೆ. ಬಾ ಹೆಂಗ್ ಎಂಬ ರೈತ ಹೆಂಗಸು ಅಜೋಲಾವನ್ನು ಗದ್ದೆಗೆ ತಂದಳು ಎಂಬುದು ಅಲ್ಲಿಯ ಐತಿಹ್ಯ. ಅವಳ ನೆನಪಿಗೆ ಅಲ್ಲೊಂದು ಗುಡಿಯೇ ಇದೆ. ಬೇಸಿಗೆಯ ಉರಿಯಲ್ಲಿ ಅಜೋಲಾವನ್ನು ಜೀವಂತ ಉಳಿಸುವ ಗುಟ್ಟು ತಿಳಿದಿದ್ದ ಕೆಲವೇ ಮನೆತನಗಳು ಅದನ್ನು ಕಾಪಾಡಿಕೊಂಡು, ನಾಟಿಯ ಕಾಲಕ್ಕೆ ಬೀಜದಂತೆ ಮಾರುತ್ತಿದ್ದವು. ಆ ಗುಟ್ಟಿಗೆ ಯಾಕೆ ಅಷ್ಟು ಬೆಲೆ ಎಂದು ಬೇಸಿಗೆಯಲ್ಲಿ ತೊಟ್ಟಿ ಕಳೆದುಕೊಂಡ ನಿಮಗೆ ಬೇರೆ ಹೇಳಬೇಕಿಲ್ಲ. ನಮ್ಮ ದೇಶದಲ್ಲಿ 1970ರ ದಶಕದಿಂದ ಕಟಕ್‌ನ ಕೇಂದ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಇದರ ಮೇಲೆ ದೊಡ್ಡ ಕೆಲಸ ನಡೆಯಿತು. ಆಮೇಲೆ ಅಗ್ಗದ ಯೂರಿಯಾ ಚೀಲ ಮನೆ ಬಾಗಿಲಿಗೇ ಬಂತು. ಚೀನಾ, ವಿಯೆಟ್ನಾಂಗಳಲ್ಲೂ 1980ರ ದಶಕದಲ್ಲಿ ಅಜೋಲಾ ಗದ್ದೆಯಿಂದ ಹಿಂದೆ ಸರಿಯಿತು.

ಎಕರೆ ಲೆಕ್ಕದಲ್ಲಿ ನೋಡೋಣ. ಗದ್ದೆಯ ನೀರನ್ನು ಪೂರ್ತಿ ಮುಚ್ಚಿದ ಅಜೋಲಾ ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋ ತೂಗುತ್ತದೆ. ಎಕರೆಗೆ ನಾಲ್ಕು ಟನ್. ನೀರು ಕಳೆದರೆ 240 ಕಿಲೋ, ಅದರಲ್ಲಿ ನೂರಕ್ಕೆ ನಾಲ್ಕು ಪಾಲು ಸಾರಜನಕವೆಂದರೆ ಹತ್ತು ಕಿಲೋ. ಯೂರಿಯಾದ ಲೆಕ್ಕಕ್ಕೆ ತಿರುಗಿಸಿದರೆ 45 ಕಿಲೋ ಚೀಲದಲ್ಲಿ ಹತ್ತಿರ ಹತ್ತಿರ ಅರ್ಧ. ಒಂದು ಹೊದಿಕೆಗೆ ಅರ್ಧ ಚೀಲ, ಎರಡು ಸಲ ಹೊದಿಸಿ ತುಳಿದರೆ ಒಂದು ಚೀಲ. ಆರಂಭಕ್ಕೆ ಎಕರೆಗೆ 200 ಕಿಲೋ ಹಸಿ ಅಜೋಲಾ ಬೇಕು. ಐದು ದಿನಕ್ಕೊಮ್ಮೆ ಇಮ್ಮಡಿಯಾದರೂ ಮೂರು ವಾರದಲ್ಲಿ ನಾಲ್ಕು ಟನ್ ಆಗುತ್ತದೆ. 200 ಕಿಲೋ ಎಲ್ಲಿಂದ ತರಲಿ ಎನ್ನಬೇಡಿ. ಸಸಿಮಡಿ ಮಾಡುವಾಗಲೇ ಪಕ್ಕದಲ್ಲಿ ಎರಡು ಮಡಿಗೆ ನೀರು ಕಟ್ಟಿ ಅಜೋಲಾವನ್ನೂ ಬಿಟ್ಟರೆ ನಾಟಿಯ ಹೊತ್ತಿಗೆ ಕೈಗೆ ಬರುತ್ತದೆ. ತೊಟ್ಟಿಯ ಉಪಯೋಗ ಅಲ್ಲಿದೆ, ಬೇಸಿಗೆಯಲ್ಲಿ ಬೀಜ ಕಾಪಾಡುವುದಕ್ಕೆ.

ನಾಟಿಯಾಗಿ ಒಂದು ವಾರಕ್ಕೆ, ಸಸಿ ಬೇರು ಹಿಡಿದ ಮೇಲೆ ಬಿಡಿ. ಗದ್ದೆ ಮುಚ್ಚಿದಾಗ ನೀರು ಬಸಿದು, ಸಾಲಿನ ನಡುವೆ ಕಳೆ ಯಂತ್ರ ಓಡಿಸಿ ಕೆಸರಿಗೆ ಸೇರಿಸಿ. ಇಲ್ಲೇ ಬಹಳ ಜನ ಎಡವುವುದು. ತೇಲುತ್ತಿರುವ ಜೀವಂತ ಅಜೋಲಾ ತನ್ನ ಸಾರಜನಕವನ್ನು ಬಿಟ್ಟುಕೊಡುವುದಿಲ್ಲ. ಸತ್ತು ಕೊಳೆತ ಮೇಲೆಯೇ ಭತ್ತಕ್ಕೆ ದಕ್ಕುವುದು. ಮೇಲೆ ಹಸಿರು ಹಾಸಿಗೆ ನೋಡಿ ಗೊಬ್ಬರ ಸಿಕ್ಕಿತು ಎಂದು ಕೂತರೆ ಸಿಕ್ಕಿರುವುದಿಲ್ಲ. ಆದರೆ ತೇಲುತ್ತಿರುವಾಗಲೂ ಎರಡು ಉಪಕಾರ ಮಾಡುತ್ತದೆ. ಬೆಳಕು ನೀರಿಗೆ ಇಳಿಯದಂತೆ ತಡೆದು ಕಳೆ ಮೊಳೆಯುವುದನ್ನು ಕಡಿಮೆ ಮಾಡುತ್ತದೆ. ನೀವು ಯೂರಿಯಾ ಎರಚಿದಾಗ ಅದರ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಬಿಸಿಲಿನಲ್ಲಿ ಪಾಚಿ ಬೆಳೆದು ಗದ್ದೆಯ ನೀರು ಕ್ಷಾರವಾದಷ್ಟೂ ಈ ನಷ್ಟ ಹೆಚ್ಚು. ಅಜೋಲಾದ ನೆರಳಿನಲ್ಲಿ ಆ ಪಾಚಿ ಏಳುವುದಿಲ್ಲ, ನೀರು ಕ್ಷಾರವಾಗುವುದಿಲ್ಲ, ಹಾಕಿದ ಯೂರಿಯಾ ಗದ್ದೆಯಲ್ಲೇ ಉಳಿಯುತ್ತದೆ. ಮಲೆನಾಡಿನವರಿಗೆ ಒಂದು ಕಷ್ಟ ಇದೆ: ಆಷಾಢದ ಮಳೆಗೆ ಅಂಚು ಒಡೆದರೆ ಅಜೋಲಾ ಪೂರ್ತಿ ಕೆಳಗಿನವರ ಗದ್ದೆಗೆ ಹೋಗುತ್ತದೆ. ಆ ಕಡೆ ಮಳೆ ತಗ್ಗಿದ ಮೇಲೆ ಬಿಡುವುದೇ ಸರಿ.

ಕೆಳಗಿನವರ ಗದ್ದೆಗೆ ಹೋದದ್ದು ಹಳ್ಳಕ್ಕೂ ಹೋಗುತ್ತದೆ, ಅದರ ಬಗ್ಗೆಯೂ ಹೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ 1948ರಲ್ಲಿ ಅಂದಕ್ಕೆಂದು ಮೀನಿನ ಕೊಳಕ್ಕೆ ತಂದು ಬಿಟ್ಟ ಅಮೆರಿಕದ ಅಜೋಲಾ ಫಿಲಿಕ್ಯುಲಾಯ್ಡಿಸ್ ಕೆರೆ, ಅಣೆಕಟ್ಟುಗಳನ್ನು ದಪ್ಪ ಕಂಬಳಿಯಂತೆ ಮುಚ್ಚಿತು. ಕಂಬಳಿಯ ಕೆಳಗಿನ ನೀರಿಗೆ ಆಮ್ಲಜನಕವಿಲ್ಲ, ಮೀನಿಲ್ಲ. 1997ರಲ್ಲಿ ಅಮೆರಿಕದಿಂದಲೇ ಅದನ್ನು ತಿನ್ನುವ ಪುಟ್ಟ ಮೂತಿಹುಳುವನ್ನು ತಂದು ಬಿಟ್ಟ ಮೇಲೆ ಕೆಲವೇ ವರ್ಷಗಳಲ್ಲಿ ಹತೋಟಿಗೆ ಬಂತು. ದಾಯಾದಿ ಸಾಲ್ವಿನಿಯಾದ ಕಾಟ ಕೇರಳದ ಹಿನ್ನೀರಿನವರಿಗೆ ಚೆನ್ನಾಗಿ ಗೊತ್ತು. ಅದರ ಮೇಲೆ ಮೂತಿಹುಳು ಬಿಟ್ಟು ಗೆದ್ದ ನಮ್ಮ ದೇಶದ ಮೊದಮೊದಲ ಪ್ರಯೋಗಗಳಲ್ಲಿ ಒಂದು 1980ರ ದಶಕದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ನಡೆಯಿತು. ಆದ್ದರಿಂದ ತೊಟ್ಟಿ ತೊಳೆದ ನೀರನ್ನು ಕೆರೆಗೆ ಬಿಡಬೇಡಿ, ತೆಂಗಿನ ಬುಡಕ್ಕೆ ಹಾಕಿ. ಹೊರಗಿನಿಂದ ಬಂದ ಪ್ರಭೇದವಾದರೆ ಇನ್ನೂ ಎಚ್ಚರ.

ಸೊಳ್ಳೆಯ ವಿಷಯ ಕೇಳಿದರು. ಅಮೆರಿಕದಲ್ಲಿ ಇದಕ್ಕೆ ಸೊಳ್ಳೆ ಜರೀಗಿಡ ಎಂದೇ ಹೆಸರಿದೆ. ನೀರನ್ನು ಸಂದಿಲ್ಲದಂತೆ ಮುಚ್ಚಿದಾಗ ಸೊಳ್ಳೆಗೆ ಮೊಟ್ಟೆಯಿಡುವುದೂ ಮರಿಹುಳುಗಳಿಗೆ ಉಸಿರಾಡುವುದೂ ಕಷ್ಟ. ಅಲ್ಲಲ್ಲಿ ಬಯಲು ಬಿಟ್ಟರೆ ಪ್ರಯೋಜನವಿಲ್ಲ, ಅರೆಬರೆ ತುಂಬಿದ ತೊಟ್ಟಿಯೂ ಸೊಳ್ಳೆಯ ಮನೆಯೇ.

ಹೊರಗೆ ಬಾಗಿಲ ಬಳಿ ಎರಡು ಬಕೆಟ್ ಅಜೋಲಾ ತಂದಿಟ್ಟಿದ್ದೇನೆ, ನಮ್ಮ ಹಿತ್ತಲಿನದೇ, ಪಿನ್ನಾಟಾ. ಬೇಕಾದವರು ಎರಡೆರಡು ಹಿಡಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಬೇಡಿ, ಬೆಂದುಹೋಗುತ್ತದೆ. ಒದ್ದೆ ಗೋಣಿಯ ತುಂಡಿನಲ್ಲಿ ಸಡಿಲವಾಗಿ ಸುತ್ತಿ, ಬಸ್ಸಿನಲ್ಲಿ ಬಿಸಿಲು ಬೀಳುವ ಕಿಟಕಿಯ ಕಡೆ ಇಡದೆ ಕಾಲ ಬಳಿ ಇಟ್ಟುಕೊಳ್ಳಿ, ದಾರಿಯಲ್ಲಿ ಒಮ್ಮೆ ನೀರು ಚಿಮುಕಿಸಿ. ಮನೆ ತಲುಪಿದ ಮೇಲೆ ಊಟಕ್ಕೆ ಕೂರುವ ಮೊದಲು ಅದನ್ನು ನೀರಿಗೆ ಬಿಡಿ.